ಅಲ್ಟ್ರಾಸೌಂಡ್ ಬೇಸಿಕ್ಸ್ ತಲೆಗೆ ಹತ್ತುತ್ತಿಲ್ಲ, ಎಲ್ಲಿಂದ ಶುರು ಮಾಡ್ಲಿ?

ಸೆಕೆಂಡ್_ಇಯರ್_ಸಂಕಟ
ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲೇ ಬಿಎಸ್ಸಿ ಇಮೇಜಿಂಗ್ ಟೆಕ್ನಾಲಜಿ ಎರಡನೇ ವರ್ಷ ಓದ್ತಿದೀನಿ. ಎಕ್ಸ್‌ರೇ, ಸಿಟಿ ಹೆಂಗೋ ನಡೀತಿದೆ, ಅಲ್ಟ್ರಾಸೌಂಡ್ ನೋಟ್ಸ್ ತೆಗೆದ್ರೆ ಮಾತ್ರ ತಲೆ ಮೊಸರುಗಡಿಗೆ. ಅನೆಕೋಯಿಕ್, ಹೈಪೋ, ಐಸೋ, ಹೈಪರ್, ಅದಾದ್ಮೇಲೆ ಶ್ಯಾಡೋ, ಎನ್‌ಹಾನ್ಸ್‌ಮೆಂಟ್, ಗೇನ್, ಟಿಜಿಸಿ, ಪಿಆರ್‌ಎಫ್... ಡೆಫಿನಿಷನ್ ಕೇಳಿದ್ರೆ ಗಿಳಿ ತರ ಒಪ್ಪಿಸ್ತೀನಿ, ಸ್ಕ್ರೀನ್ ತೋರ್ಸಿ ಇಲ್ಲಿ ಏನಾಗ್ತಿದೆ ಅಂದ್ರೆ ಬಾಯಿ ಕಟ್ಕೊಳುತ್ತೆ. ಪೋಸ್ಟಿಂಗ್‌ನಲ್ಲಿ ನಮ್ಮ ಕೆಲಸ ಬಾಗಿಲ ಹತ್ರ ನಿಂತು ಪೇಷಂಟ್ ಹೆಸರು ಕೂಗೋದು, ಪ್ರೋಬ್ (ಮೈ ಮೇಲೆ ಇಟ್ಟು ಸ್ಕ್ಯಾನ್ ಮಾಡೋ ಹಿಡಿ) ಮುಟ್ಟೋಕೆ ಬಿಡಲ್ಲ. ವೈವಾದಲ್ಲಿ ಗ್ಯಾರಂಟಿ ಬರುತ್ತೆ ಅಂತ ಸೀನಿಯರ್ಸ್ ಹೇಳಿರೋ ಪ್ರಶ್ನೆ: ಸಿಸ್ಟ್ (ನೀರು ತುಂಬಿದ ಗುಳ್ಳೆ) ಒಳಗೆ ಕಪ್ಪು, ಅದರ ಹಿಂದೆ ಯಾಕೆ ಬಿಳಿ? ನೀರು ಸೌಂಡ್‌ನ ವಾಪಸ್ ಕಳಿಸಲ್ಲ ಅಂದ್ಮೇಲೆ ಹಿಂದೆ ಬೆಳಕು ಎಲ್ಲಿಂದ ಬಂತು? ಯಾರಾದ್ರೂ ನಮ್ಮ ಭಾಷೇಲಿ ಬಿಡ್ಸಿ ಹೇಳಿ ಪ್ಲೀಸ್.

ಅವೆನ್ಯೂ_ರೋಡ್_ಗಿರಾಕಿ
ಮಗಾ ಬೈಹಾರ್ಟ್ ಮಾಡು, ಪಾಸಾಗು, ಆಮೇಲೆ ಅರ್ಥ ಮಾಡ್ಕೊ. ಹಳೇ ಕ್ವೆಶ್ಚನ್ ಪೇಪರ್ ತಗೊಂಡ್ರೆ ಅರ್ಧ ಪ್ರಶ್ನೆ ರಿಪೀಟು.

ಕತ್ತಲೆ_ರೂಮು
ಬೈಹಾರ್ಟ್ ಮಾಡಿದ್ರೆ ಥಿಯರಿ ಪಾಸಾಗ್ತಾರೆ, ಆಮೇಲೆ ನಮ್ಮ ರೂಮಿಗೆ ಬಂದು ಗೇನ್ ಫುಲ್ ಏರಿಸಿಟ್ಟು ಹೋಗ್ತಾರೆ. ನಾನು ರೇಡಿಯಾಲಜಿಸ್ಟ್, ದಿನಾ ಸ್ಕ್ಯಾನ್ ಮಾಡೋಳು. ಸಂಕಟ ಅವರೇ, ನಿಮ್ಮ ಪ್ರಶ್ನೆ ಸರಿಯಾಗೇ ಇದೆ, ಶುರು ಮಾಡಿರೋ ಜಾಗ ತಪ್ಪು. ನೀವು ಹೆಸರುಗಳಿಂದ ಶುರು ಮಾಡಿದೀರ. ಮೆಷಿನ್‌ಗೆ ಈ ಹೆಸರು ಒಂದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಎರಡೇ ವಿಷಯ, ತಾನು ಕಳಿಸಿದ ಸೌಂಡ್‌ನ ಎಕೋ ಎಷ್ಟು ಹೊತ್ತಿಗೆ ವಾಪಸ್ ಬಂತು, ಎಷ್ಟು ಜೋರಾಗಿ ಬಂತು. ಹೊತ್ತು ನೋಡಿ ಚುಕ್ಕೀನ ಎಷ್ಟು ಆಳದಲ್ಲಿ ಇಡಬೇಕು ಅಂತ ಲೆಕ್ಕ ಹಾಕುತ್ತೆ, ಜೋರು ನೋಡಿ ಎಷ್ಟು ಬೆಳ್ಳಗೆ ಇಡಬೇಕು ಅಂತ. ಬಿ ಮೋಡ್ ಅಂದ್ರೆ ಇಷ್ಟೇ, ಬಿ ಅಂದ್ರೆ ಬ್ರೈಟ್‌ನೆಸ್.

ಈಗ ಎಕೋ ಯಾವಾಗ ಬರುತ್ತೆ? ಎರಡು ಟಿಶ್ಯೂ ಪಕ್ಕಪಕ್ಕ ಇದ್ದು ಅವುಗಳ ಅಕೂಸ್ಟಿಕ್ ಇಂಪೀಡೆನ್ಸ್ ಬೇರೆಬೇರೆ ಆಗಿದ್ರೆ. ಇಂಪೀಡೆನ್ಸ್ ಅಂದ್ರೆ ಡೆನ್ಸಿಟಿನ ಆ ಟಿಶ್ಯೂನಲ್ಲಿ ಸೌಂಡ್ ಓಡೋ ವೇಗದಿಂದ ಗುಣಿಸಿದ್ದು. ವ್ಯತ್ಯಾಸ ಚೂರು ಇದ್ರೆ ಚೂರು ಎಕೋ, ಜಾಸ್ತಿ ಇದ್ರೆ ಜಾಸ್ತಿ. ಶುದ್ಧವಾದ ನೀರಿನಂಥ ದ್ರವದ ಒಳಗೆ ವ್ಯತ್ಯಾಸವೇ ಇಲ್ಲ, ಅದಕ್ಕೆ ಕಪ್ಪು, ಅನೆಕೋಯಿಕ್. ಗಾಳಿ ಸಿಕ್ಕಿತು ಅಂದ್ರೆ ವ್ಯತ್ಯಾಸ ವಿಪರೀತ, ಹತ್ತಿರ ಹತ್ತಿರ ಎಲ್ಲಾ ಸೌಂಡೂ ಅಲ್ಲಿಂದಲೇ ವಾಪಸ್. ಜೆಲ್ ಹಾಕೋದು ಅದಕ್ಕೆ, ಪ್ರೋಬ್‌ಗೂ ಚರ್ಮಕ್ಕೂ ಮಧ್ಯೆ ಗಾಳಿ ಉಳೀಬಾರದು ಅಂತ. ಪೇಷಂಟ್‌ಗಳು ಅದನ್ನ ಔಷಧಿ ಅಂತ ತಿಳ್ಕೊಂಡು ಒರೆಸ್ಕೊಳ್ಳದೇ ಹೋಗೋದೂ ಇದೆ.

ಸೆಕೆಂಡ್_ಇಯರ್_ಸಂಕಟ
ಮೇಡಂ ಥ್ಯಾಂಕ್ಯೂ, ಇದು ಯಾವ ನೋಟ್ಸ್‌ನಲ್ಲೂ ಹಿಂಗೆ ಇರ್ಲಿಲ್ಲ. ಆದ್ರೆ ಸಿಸ್ಟ್ ಹಿಂದಿನ ಬಿಳಿ ಇನ್ನೂ ಬಾಕಿ.

ಅರ್ಧ_ಡೆಸಿಬೆಲ್
ಅದನ್ನ ನಾನು ತಗೋತೀನಿ, ಫಿಸಿಕ್ಸ್ ಪಾಠ ಮಾಡೋನು. ಪೇಪರ್ ಪೆನ್ ಹಿಡ್ಕೊಳಿ.

ಸೌಂಡು ಟಿಶ್ಯೂ ಒಳಗೆ ಹೋಗ್ತಾ ಹೋಗ್ತಾ ಸೊರಗುತ್ತೆ, ಅದು ಅಟೆನ್ಯುಯೇಶನ್. ಸಾಫ್ಟ್ ಟಿಶ್ಯೂಗೆ ಅಂದಾಜು ಲೆಕ್ಕ, ಒಂದು ಸೆಂಟಿಮೀಟರ್‌ಗೆ ಒಂದು ಮೆಗಾಹರ್ಟ್ಸ್‌ಗೆ 0.5 ಡೆಸಿಬೆಲ್. 5 ಮೆಗಾಹರ್ಟ್ಸ್ ಪ್ರೋಬ್, 10 ಸೆಂಟಿಮೀಟರ್ ಆಳ ಅಂದ್ರೆ ಹೋಗುವಾಗ 25 ಡೆಸಿಬೆಲ್ ಖೋತಾ, ಬರುವಾಗ ಇನ್ನೊಂದು 25, ಒಟ್ಟು 50. ಅಂದ್ರೆ ಶಕ್ತಿ ಲಕ್ಷದಲ್ಲಿ ಒಂದು ಪಾಲಿಗೆ ಇಳೀತು. ಹಂಗೇ ಬಿಟ್ರೆ ಸ್ಕ್ರೀನ್ ಮೇಲ್ಗಡೆ ಬೆಳ್ಳಗೆ, ಕೆಳಗಡೆ ಕಗ್ಗತ್ತಲೆ. ಅದಕ್ಕೇ ಮೆಷಿನ್ ತಡವಾಗಿ ಬಂದ ಎಕೋಗಳನ್ನ ಜಾಸ್ತಿ ಎತ್ತಿ ತೋರಿಸುತ್ತೆ, ಅದೇ ಟಿಜಿಸಿ, ಟೈಮ್ ಗೇನ್ ಕಾಂಪೆನ್ಸೇಶನ್. ಪ್ಯಾನೆಲ್ ಮೇಲೆ ಒಂದರ ಕೆಳಗೊಂದು ಅಡ್ಡಡ್ಡ ಸರಿಯೋ ಗುಂಡಿಗಳಿರ್ತವಲ್ಲ, ಅವು.

ಇಲ್ಲೇ ನಿಮ್ಮ ಉತ್ತರ ಇರೋದು. ಟಿಜಿಸಿ ತಿಳ್ಕೊಂಡಿರೋದು ದಾರಿ ಪೂರ್ತಿ ಲಿವರ್‌ನಂಥ ಟಿಶ್ಯೂನೇ ಇದೆ ಅಂತ. ಮಧ್ಯೆ ಸಿಸ್ಟ್ ಬಂದ್ರೆ ಅದರೊಳಗೆ ಸೌಂಡ್ ಹೆಚ್ಚುಕಮ್ಮಿ ಸೊರಗೋದೇ ಇಲ್ಲ, ದಷ್ಟಪುಷ್ಟವಾಗೇ ಆಚೆ ಬರುತ್ತೆ. ಆದ್ರೆ ಮೆಷಿನ್ ಮಾತ್ರ ಸೊರಗಿದೆ ಅಂದ್ಕೊಂಡು ಅದೇ ಅಳತೆಗೆ ಎತ್ತುತ್ತೆ. ಅದಕ್ಕೆ ಹಿಂದಿರೋ ಟಿಶ್ಯೂ ಅಕ್ಕಪಕ್ಕದ ಅದೇ ಆಳದ ಟಿಶ್ಯೂಗಿಂತ ಬೆಳ್ಳಗೆ. ಪೋಸ್ಟೀರಿಯರ್ ಅಕೂಸ್ಟಿಕ್ ಎನ್‌ಹಾನ್ಸ್‌ಮೆಂಟ್. ನೀರು ಏನನ್ನೂ ಕಳಿಸ್ಲಿಲ್ಲ, ಹಿಂದಿರೋ ಟಿಶ್ಯೂನೇ ಕಳಿಸಿದ್ದು. ಗಾಲ್‌ಬ್ಲಾಡರ್ (ಪಿತ್ತಕೋಶ) ಸ್ಟೋನ್ ಇದಕ್ಕೆ ತದ್ವಿರುದ್ಧ, ಸೌಂಡ್ ಅಲ್ಲೇ ವಾಪಸ್ ಆಗುತ್ತೆ ಇಲ್ಲ ಹೀರ್ಕೊಳುತ್ತೆ, ಹಿಂದೆ ಏನೂ ತಲುಪಲ್ಲ, ಕಪ್ಪು ಪಟ್ಟಿ, ಶ್ಯಾಡೋ.

ರಾಜಾಜಿನಗರ_ರೇಡಿಯೋ
ವ್ಹಾ ಸರ್. ನಮ್ಮ ಬ್ಯಾಚ್‌ಗೆ ಹಿಂಗೆ ಯಾರೂ ಹೇಳ್ಲಿಲ್ಲ.

ಸಿಂಪಲ್_ಸುಬ್ಬ
ಇಷ್ಟೆಲ್ಲ ಯಾಕೆ? ಬಿಳಿ ಅಂದ್ರೆ ಗಟ್ಟಿ, ಬೂದು ಅಂದ್ರೆ ಮೆತ್ತಗೆ, ಕಪ್ಪು ಅಂದ್ರೆ ನೀರು. ಮುಗೀತು.

ಕತ್ತಲೆ_ರೂಮು
ಮುಗೀಲಿಲ್ಲ ಸುಬ್ಬ ಅವರೇ, ಎಡವಟ್ಟು ಅಲ್ಲಿಂದಲೇ ಶುರು. ಲಿವರ್‌ನಲ್ಲಿ ಹೀಮ್ಯಾಂಜಿಯೋಮ ಸಾಮಾನ್ಯವಾಗಿ ಬಿಳಿ ಉಂಡೆ ತರ ಕಾಣುತ್ತೆ, ಅದು ರಕ್ತ ತುಂಬಿದ ಸಣ್ಣಸಣ್ಣ ಗೂಡುಗಳ ಗಂಟು, ಗಟ್ಟಿ ಎಲ್ಲಿಂದ ಬಂತು? ಗೂಡಿನ ಗೋಡೆಗಳು ನೂರಾರು ಇರೋದ್ರಿಂದ ಎಕೋ ಜಾಸ್ತಿ, ಅಷ್ಟೇ. ಈ ಕಡೆ ಲಿಂಫೋಮ ಅನ್ನೋ ಕ್ಯಾನ್ಸರ್‌ನ ಗಂಟುಗಳು ಘನವಾದ ಗಡ್ಡೆನೇ ಆದ್ರೂ ಒಳಗೆಲ್ಲ ಒಂದೇ ಸಮ ಇರೋದ್ರಿಂದ ಎಷ್ಟು ಕಪ್ಪಗಿರ್ತವೆ ಅಂದ್ರೆ ಸಿಸ್ಟ್ ಅಂತ ಮೋಸ ಹೋಗ್ಬೇಕು. ಕೊಬ್ಬನ್ನೇ ನೋಡಿ, ಕಿಡ್ನಿ ನಡುವೆ ಇರೋ ಕೊಬ್ಬು ಬೆಳ್ಳಗೆ, ಚರ್ಮದ ಕೆಳಗಿನ ಕೊಬ್ಬು ಕಪ್ಪಗೆ.

ಇನ್ನೊಂದು. ಹೈಪೋ ಅಂದ್ರೆ ಕಮ್ಮಿ ಬಿಳಿ, ಐಸೋ ಅಂದ್ರೆ ಸಮ, ಹೈಪರ್ ಅಂದ್ರೆ ಜಾಸ್ತಿ ಬಿಳಿ, ಇದು ಯಾವಾಗ್ಲೂ ಪಕ್ಕದೋರ ಜೊತೆ ಹೋಲಿಸಿ ಹೇಳೋ ಮಾತು. "ಲೀಶನ್ (ಗಂಟು, ಗಾಯದಂಥ ತೊಂದರೆ ಇರೋ ಜಾಗ) ಹೈಪೋಎಕೋಯಿಕ್" ಅಂದ್ರೆ ಯಾವುದಕ್ಕೆ ಹೋಲಿಸಿ ಅಂತ ಎಕ್ಸಾಮಿನರ್ ಕೇಳೇ ಕೇಳ್ತಾರೆ. ನಾರ್ಮಲ್ ಹೊಟ್ಟೆಯಲ್ಲಿ ಬಿಳಿಯಿಂದ ಕಪ್ಪಿಗೆ ಬಂದ್ರೆ ಕಿಡ್ನಿಯ ಸೈನಸ್ (ಕೊಬ್ಬಿರೋ ನಡುಭಾಗ), ಪ್ಯಾಂಕ್ರಿಯಾಸ್, ಸ್ಪ್ಲೀನ್, ಲಿವರ್, ಕಿಡ್ನಿ ಕಾರ್ಟೆಕ್ಸ್ (ಹೊರಪದರ), ಕಿಡ್ನಿಯ ಪಿರಮಿಡ್ (ಒಳಪದರದ ತ್ರಿಕೋನಗಳು). ಲಿವರ್‌ಗೂ ಕಾರ್ಟೆಕ್ಸ್‌ಗೂ ಎಷ್ಟೋ ಜನರಲ್ಲಿ ಫರಕೇ ಗೊತ್ತಾಗಲ್ಲ. ಇದೊಂದನ್ನ ಮಾತ್ರ ಬೈಹಾರ್ಟ್ ಮಾಡಿ, ನಾನೇ ಪರ್ಮಿಷನ್ ಕೊಡ್ತೀನಿ.

ಸಿಂಪಲ್_ಸುಬ್ಬ
ಸರಿ ಮೇಡಂ, ಶರಣು. ಡೆನ್ಸಿಟಿ ಅಂತಾದ್ರೂ ಹೇಳ್ಬಹುದಾ?

ರಾಜಾಜಿನಗರ_ರೇಡಿಯೋ
ಹೈಪರ್‌ಡೆನ್ಸ್ ಸಿಟಿಗೆ, ಹೈಪರ್‌ಇಂಟೆನ್ಸ್ ಎಂಆರ್‌ಐಗೆ, ಹೈಪರ್‌ಎಕೋಯಿಕ್ ಅಲ್ಟ್ರಾಸೌಂಡ್‌ಗೆ. ವೈವಾದಲ್ಲಿ ಇದು ಅದಲು ಬದಲಾದ್ರೆ ಎಕ್ಸಾಮಿನರ್ ಮುಖ ನೋಡೋಕಾಗಲ್ಲ.

ಹುಬ್ಬಳ್ಳಿ_ಟು_ಹೆಬ್ಬಾಳ
ನನಗೊಂದು ಡೌಟ್ ಅದ ನೋಡ್ರಿ. ಪ್ರೋಬ್ ಮ್ಯಾಲೆ ಒಂದು ದಿಬ್ಬ ಇರ್ತದಲ್ಲ, ಅದನ್ನ ಯಾ ಕಡೆ ಹಿಡೀಬೇಕು ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರ.

ಕತ್ತಲೆ_ರೂಮು
ಆ ದಿಬ್ಬಾನೇ ಮಾರ್ಕರ್. ಹೊಟ್ಟೆ ಸ್ಕ್ಯಾನ್‌ಗೆ ಅಡ್ಡ ಹಿಡಿದಾಗ ಅದು ಪೇಷಂಟ್‌ನ ಬಲಕ್ಕೆ, ಉದ್ದ ಹಿಡಿದಾಗ ತಲೆ ಕಡೆಗೆ. ಸ್ಕ್ರೀನ್ ಎಡಗಡೆ ಕಾಣೋದು ಮಾರ್ಕರ್ ಇರೋ ಬದಿ. ಹೃದಯದ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡೋರದು ಬೇರೆ ಸಂಪ್ರದಾಯ, ಅವರ ಸ್ಕ್ರೀನ್‌ನಲ್ಲಿ ಮಾರ್ಕರ್ ಬಲಕ್ಕಿರುತ್ತೆ. ಅದಕ್ಕೇ ಒಬ್ಬೊಬ್ಬರು ಒಂದೊಂದು ಹೇಳೋದು. ಡೌಟ್ ಬಂದ್ರೆ ಜೆಲ್ ಹಚ್ಚಿ ಪ್ರೋಬ್‌ನ ಒಂದು ತುದೀನ ಬೆರಳಲ್ಲಿ ಮುಟ್ಟಿ, ಸ್ಕ್ರೀನ್‌ನಲ್ಲಿ ಯಾವ ಕಡೆ ಅಲ್ಲಾಡುತ್ತೋ ನೋಡಿ.

ಹುಬ್ಬಳ್ಳಿ_ಟು_ಹೆಬ್ಬಾಳ
ಭಾಳ ಛಲೋ ಆತ್ರಿ ಡಾಕ್ಟ್ರ.

ಅವೆನ್ಯೂ_ರೋಡ್_ಗಿರಾಕಿ
ಸರಿ ನಾನೂ ಒಂದು ಕೇಳ್ತೀನಿ, ಫ್ರೀಕ್ವೆನ್ಸಿ ಜಾಸ್ತಿ ಇದ್ರೆ ಕ್ಲಿಯರ್ ಅಂತಾರೆ, ಹಂಗಾದ್ರೆ ಎಲ್ಲಾದಕ್ಕೂ 15 ಮೆಗಾಹರ್ಟ್ಸ್ ಪ್ರೋಬೇ ಇಟ್ಕೊಂಡ್ರೆ ಆಗಲ್ವಾ? ಯಾಕೆ ಮೂರು ಮೂರು ನೇತಾಕಿರ್ತಾರೆ?

ಅರ್ಧ_ಡೆಸಿಬೆಲ್
ಮೇಲಿನ ಲೆಕ್ಕ ನೀವೇ ಮಾಡಿ. 15 ಮೆಗಾಹರ್ಟ್ಸ್, 10 ಸೆಂಟಿಮೀಟರ್, ಹೋಗಿ ಬಂದು 150 ಡೆಸಿಬೆಲ್ ಖೋತಾ. ಏನೂ ಉಳಿಯಲ್ಲ. ಗಣೇಶನ ಹಬ್ಬಕ್ಕೆ ಪಕ್ಕದ ರೋಡಲ್ಲಿ ಆರ್ಕೆಸ್ಟ್ರಾ ಇಟ್ಟಿರ್ತಾರಲ್ಲ, ನಿಮ್ಮ ಮನೆ ಒಳಗೆ ಬರೋದು ಬರೀ ಡುಬ್ ಡುಬ್ ಬೇಸು, ಹಾಡೋರ ದನಿ ಗೋಡೆ ದಾಟಲ್ಲ. ಇದೂ ಹಂಗೇ, ಕಮ್ಮಿ ಫ್ರೀಕ್ವೆನ್ಸಿ ಒಳಗೆ ಹೋಗುತ್ತೆ, ಜಾಸ್ತಿ ಫ್ರೀಕ್ವೆನ್ಸಿ ಮೇಲೇ ಉಳಿಯುತ್ತೆ. ಅದಕ್ಕೇ ಹೊಟ್ಟೆಗೆ 2ರಿಂದ 5 ಮೆಗಾಹರ್ಟ್ಸ್ ಕಾನ್ವೆಕ್ಸು (ಬಾಗಿದ ಮುಖದ ಪ್ರೋಬ್), ಥೈರಾಯ್ಡ್, ಬ್ರೆಸ್ಟ್, ರಕ್ತನಾಳಕ್ಕೆ 7ರಿಂದ 12 ಅಥವಾ ಇನ್ನೂ ಮೇಲಿನ ಲೀನಿಯರ್ರು (ಚಪ್ಪಟೆ ಮುಖದ್ದು).

ಕ್ಲಿಯರ್ ಯಾಕೆ ಅನ್ನೋದು ವೇವ್‌ಲೆಂತ್ ವಿಚಾರ. ವೇಗನ ಫ್ರೀಕ್ವೆನ್ಸಿಯಿಂದ ಭಾಗಿಸಿ. ಸಾಫ್ಟ್ ಟಿಶ್ಯೂನಲ್ಲಿ ವೇಗ ಸರಾಸರಿ ಸೆಕೆಂಡಿಗೆ 1540 ಮೀಟರ್. 5 ಮೆಗಾಹರ್ಟ್ಸ್‌ಗೆ 0.3 ಮಿಲಿಮೀಟರ್, 10ಕ್ಕೆ 0.15. ಪಲ್ಸ್ ಅಂದ್ರೆ ಇಂಥ ಎರಡು ಮೂರು ವೇವ್‌ಗಳು, ಪಲ್ಸ್ ಉದ್ದದ ಅರ್ಧ ಆಕ್ಸಿಯಲ್ ರೆಸಲ್ಯೂಶನ್, ಅಂದ್ರೆ ಒಂದರ ಹಿಂದೆ ಒಂದಿರೋ ಎರಡು ಚುಕ್ಕೀನ ಬೇರೆಬೇರೆ ಅಂತ ತೋರಿಸೋ ತಾಕತ್ತು. ಪಕ್ಕಪಕ್ಕ ಇರೋ ಎರಡು ಚುಕ್ಕೀನ ಬೇರ್ಪಡಿಸೋದು ಲ್ಯಾಟರಲ್, ಅದು ಬೀಮ್ ಎಷ್ಟು ತೆಳ್ಳಗಿದೆ ಅನ್ನೋದರ ಮೇಲೆ. ಬೀಮ್ ತೀರಾ ತೆಳ್ಳಗಿರೋದು ಫೋಕಸ್ ಹತ್ರ, ಅದಕ್ಕೇ ಫೋಕಸ್ ಗುರುತನ್ನ ನೋಡ್ಬೇಕಾದ ಜಾಗದ ಮಟ್ಟಕ್ಕೆ ತರೋದು.

ರಾಜಾಜಿನಗರ_ರೇಡಿಯೋ
ಸರ್ 1540 ಎಲ್ಲಾ ಟಿಶ್ಯೂಗೂ ಒಂದೇನಾ?

ಅರ್ಧ_ಡೆಸಿಬೆಲ್
ಅಲ್ಲ, ಕೊಬ್ಬಿನಲ್ಲಿ 1450ರ ಆಸುಪಾಸು, ಮಸಲ್‌ನಲ್ಲಿ 1580ರ ಹತ್ತಿರ, ಗಾಳಿಯಲ್ಲಿ 330, ಮೂಳೆಯಲ್ಲಿ 3500ಕ್ಕೂ ಮೇಲೆ. ಮೆಷಿನ್‌ಗೆ ಅದೆಲ್ಲ ತಿಳಿಯಲ್ಲ, ಒಂದೇ 1540 ಇಟ್ಕೊಂಡು ಲೆಕ್ಕ ಹಾಕುತ್ತೆ. ಕೊಬ್ಬು ದಾಟಿ ಬಂದ ಎಕೋ ಸ್ವಲ್ಪ ತಡವಾಗಿ ಬರುತ್ತೆ, ಮೆಷಿನ್ ಅದನ್ನ ನಿಜಕ್ಕಿಂತ ಆಳದಲ್ಲಿ ಕೂರಿಸುತ್ತೆ. ಒಂದು ಸೆಂಟಿಮೀಟರ್ ಆಳ ಹೋಗಿ ಬರೋಕೆ 13 ಮೈಕ್ರೋಸೆಕೆಂಡ್, ಇದನ್ನ ನೆನಪಿಟ್ಕೊಳಿ, ಎಂಸಿಕ್ಯೂನಲ್ಲಿ ಬರುತ್ತೆ. 10 ಸೆಂಟಿಮೀಟರ್‌ಗೆ 130. ಒಂದು ಫ್ರೇಮಿಗೆ 128 ಲೈನ್ ಅಂದ್ರೆ 17 ಮಿಲಿಸೆಕೆಂಡ್ ಹತ್ರ, ಸೆಕೆಂಡಿಗೆ ಸುಮಾರು 60 ಫ್ರೇಮ್. ಡೆಪ್ತ್ 20 ಮಾಡಿದ್ರೆ 30ಕ್ಕೆ ಇಳೀತು. ಬೇಡದೇ ಇರೋ ಡೆಪ್ತ್ ಇಟ್ಕೊಂಡು ಇಮೇಜ್ ಜರ್ಕ್ ಹೊಡೀತಿದೆ ಅನ್ನೋರಿಗೆ ಇದನ್ನ ತೋರ್ಸಿ.

ಮೆಷಿನ್_ರಿಪೇರಿ_ಮಾಮ
ಸರ್ವೀಸ್ ಕಡೆಯೋನು ನಾನು, ಒಂದು ಹೊಟ್ಟೆಕಿಚ್ಚು ಹೇಳ್ಕೊಳ್ಲಾ? ಇಮೇಜ್ ಸರಿ ಇಲ್ಲ ಅಂತ ಫೋನ್ ಬರುತ್ತೆ, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟ್ಕೊಂಡು ಹೋಗಿ ನೋಡಿದ್ರೆ ಟಿಜಿಸಿ ಗುಂಡಿಗಳು ಹಾವಿನ ತರ ಅಂಕುಡೊಂಕು, ಯಾರೋ ಬಟ್ಟೇಲಿ ಪ್ಯಾನೆಲ್ ಒರೆಸಿದಾರೆ. ನಡೂಗೆ ತಂದು ಬಿಲ್ ಕೊಟ್ರೆ ನನ್ನನ್ನೇ ದುರುಗುಟ್ಟಿ ನೋಡ್ತಾರೆ.

ನಿಜವಾದ ಕಂಪ್ಲೇಂಟ್ ಅಂದ್ರೆ ಪ್ರೋಬ್. ಒಳಗೆ ಇರೋದು ಪೀಜೋಎಲೆಕ್ಟ್ರಿಕ್ ಎಲಿಮೆಂಟ್‌ಗಳು, ಹೆಚ್ಚಾಗಿ ಪಿಝಡ್‌ಟಿ ಅನ್ನೋ ಸೆರಾಮಿಕ್. ಕರೆಂಟ್ ಕೊಟ್ರೆ ಕಂಪಿಸುತ್ತೆ, ಕಂಪನ ತಾಗಿದ್ರೆ ಕರೆಂಟ್ ಕೊಡುತ್ತೆ, ಬಾಯೂ ಅದೇ ಕಿವೀನೂ ಅದೇ. ಈ ಗುಣ ಕ್ಯೂರಿ ಅಣ್ಣತಮ್ಮಂದಿರು 1880ರಲ್ಲೇ ಕಂಡ್ಕೊಂಡಿದ್ರು. ಸೆರಾಮಿಕ್ ಅಂದ್ಮೇಲೆ ಕೆಳಗೆ ಬಿದ್ರೆ ಬಿರುಕು. ಕೆಲವು ಎಲಿಮೆಂಟ್ ಸತ್ರೆ ಚರ್ಮದ ಕಡೆಯಿಂದಲೇ ಶುರುವಾಗೋ ಕಪ್ಪು ಉದ್ದ ಪಟ್ಟಿ ಬರುತ್ತೆ. ಸ್ಟೂಡೆಂಟ್ಸ್ ಅದನ್ನ ಶ್ಯಾಡೋ ಅಂತ ಬರೀತಾರೆ. ಪ್ರೋಬ್‌ನ ಪಕ್ಕಕ್ಕೆ ಸರಿಸಿ ನೋಡಿ, ಶ್ಯಾಡೋ ಆದ್ರೆ ಸ್ಟೋನ್ ಜೊತೆಗೇ ಸ್ಕ್ರೀನ್‌ನಲ್ಲಿ ಸರಿಯುತ್ತೆ, ಎಲಿಮೆಂಟ್ ಹೋಗಿದ್ರೆ ಪಟ್ಟಿ ಇದ್ದಲ್ಲೇ ಇರುತ್ತೆ. ಖಾತ್ರಿ ಮಾಡ್ಕೋಬೇಕಾ, ಜೆಲ್ ಒರೆಸಿ ಪೇಪರ್ ಕ್ಲಿಪ್‌ನ ನೆಟ್ಟಗೆ ಮಾಡಿ ಪ್ರೋಬ್ ಮುಖದ ಮೇಲೆ ಒಂದು ತುದಿಯಿಂದ ಇನ್ನೊಂದಕ್ಕೆ ಮೆಲ್ಲಗೆ ಎಳೀರಿ, ಒತ್ತಬೇಡಿ. ಕ್ಲಿಪ್ ಇರೋ ಕಡೆ ಬೆಳ್ಳಗೆ ಗೆರೆಗಳು ಬರ್ತಾ ಹೋಗುತ್ತೆ, ಎಲ್ಲಿ ಮಂಕಾಗುತ್ತೋ ಅಲ್ಲಿ ಎಲಿಮೆಂಟ್ ಔಟು. ಮತ್ತೆ ದಯವಿಟ್ಟು ಕೇಬಲ್ ಮೇಲೆ ಟ್ರಾಲಿ ಗಾಲಿ ಹತ್ತಿಸ್ಬೇಡಿ, ಕೈ ಮುಗೀತೀನಿ.

ಕತ್ತಲೆ_ರೂಮು
ಮಾಮ, ಕೇಬಲ್ ವಿಷಯದಲ್ಲಿ ನನ್ನ ವೋಟು ನಿಮಗೇ.

ಸೆಕೆಂಡ್_ಇಯರ್_ಸಂಕಟ
ಇದೆಲ್ಲ ಬರ್ಕೋತಿದೀನಿ. ಗೇನ್ ಮತ್ತೆ ಪವರ್ ಎರಡೂ ಏರಿಸಿದ್ರೂ ಇಮೇಜ್ ಬೆಳ್ಳಗಾಗುತ್ತೆ ಅಲ್ವಾ, ಹಂಗಾದ್ರೆ ವ್ಯತ್ಯಾಸ ಏನು?

ಅರ್ಧ_ಡೆಸಿಬೆಲ್
ಪವರ್ ಅಂದ್ರೆ ಪೇಷಂಟ್ ಒಳಗೆ ಕಳಿಸೋದು, ಗೇನ್ ಅಂದ್ರೆ ವಾಪಸ್ ಬಂದಿದ್ದನ್ನ ಎತ್ತಿ ತೋರ್ಸೋದು. ಗೇನ್ ಏರಿಸಿದ್ರೆ ಪೇಷಂಟ್‌ಗೆ ಏನೂ ಆಗಲ್ಲ, ಆದ್ರೆ ನಾಯ್ಸೂ ಜೊತೇಲಿ ಏಳುತ್ತೆ, ಸಿಸ್ಟ್ ಒಳಗೂ ಚುಕ್ಕಿ ಬಂದು ಸಾಲಿಡ್ ತರ ಕಾಣುತ್ತೆ. ಪವರ್ ಏರಿಸಿದ್ರೆ ಡೋಸ್ ಏರುತ್ತೆ. ಸ್ಕ್ರೀನ್ ಮೂಲೇಲಿ ಎಂಐ, ಟಿಐ ಅಂತ ಎರಡು ನಂಬರ್ ಇರ್ತವೆ, ಮೆಕ್ಯಾನಿಕಲ್ ಇಂಡೆಕ್ಸು ಒತ್ತಡದಿಂದ ಆಗಬಹುದಾದ ಹಾನಿಯ ಅಂದಾಜು, ಥರ್ಮಲ್ ಇಂಡೆಕ್ಸು ಬಿಸಿ ಏರೋದರ ಅಂದಾಜು. ಮೊದಲು ಗೇನ್, ಸಾಲದಿದ್ರೆ ಪವರ್. ಅಲಾರಾ ಅಂತಾರಲ್ಲ, ಕೆಲಸ ಆಗೋಷ್ಟೇ, ಅದಕ್ಕಿಂತ ಒಂದು ಚೂರೂ ಜಾಸ್ತಿ ಬೇಡ ಅನ್ನೋದು. ಮೂರು ತಿಂಗಳೊಳಗಿನ ಗರ್ಭದಲ್ಲಿ ಹಾರ್ಟ್‌ಬೀಟ್ ಎಣಿಸೋಕೆ ಪಲ್ಸ್ಡ್ ಡಾಪ್ಲರ್ (ರಕ್ತದ ಹರಿವು ಅಳೆಯೋ ಮೋಡ್) ಬೇಡ, ಎಂ ಮೋಡ್ (ಒಂದೇ ಗೆರೆ ಮೇಲಿನ ಅಲುಗಾಟ ತೋರಿಸೋದು) ಸಾಕು ಅನ್ನೋದೂ ಇದಕ್ಕೇ.

ಲೇಟ್_ಲತೀಫ
ಡಾಪ್ಲರ್ ಮಾತು ಬಂತಲ್ಲ, ಅದು ಈಸಿ. ಕೆಂಪು ಆರ್ಟರಿ, ನೀಲಿ ವೇಯ್ನ್.

ರಾಜಾಜಿನಗರ_ರೇಡಿಯೋ
ಅಯ್ಯೋ ದೇವ್ರೇ.

ಮೆಷಿನ್_ರಿಪೇರಿ_ಮಾಮ
ಲತೀಫ, ಪ್ಯಾನೆಲ್‌ನಲ್ಲಿ ಇನ್ವರ್ಟ್ ಅಂತ ಬಟನ್ ಇದೆ, ಒತ್ತಿ ನೋಡಿ, ಎಲ್ಲಾ ಆರ್ಟರಿ ಒಂದೇ ಸಲಕ್ಕೆ ವೇಯ್ನ್ ಆಗುತ್ತೆ.

ಕತ್ತಲೆ_ರೂಮು
ಸಾಮಾನ್ಯವಾಗಿ ಪ್ರೋಬ್ ಕಡೆ ಬರೋ ರಕ್ತ ಕೆಂಪು, ದೂರ ಹೋಗೋದು ನೀಲಿ, ಅಷ್ಟೇ ಅರ್ಥ. ಆರ್ಟರಿನೋ ವೇಯ್ನೋ ಅನ್ನೋಕೆ ಬಣ್ಣ ಬಿಟ್ಟು ಒತ್ತಿ ನೋಡಿ, ಆರೋಗ್ಯವಾಗಿರೋ ವೇಯ್ನ್ ಮೆಲ್ಲಗೆ ಒತ್ತಿದ್ರೂ ಮುಚ್ಕೊಳುತ್ತೆ, ಆರ್ಟರಿ ಮುಚ್ಕೊಳ್ಳಲ್ಲ. ಒತ್ತಿದ್ರೂ ಮುಚ್ಚದೇ ಇರೋ ವೇಯ್ನ್ ಕಾಲಲ್ಲಿ ಸಿಕ್ರೆ ಒಳಗೆ ಕ್ಲಾಟ್ ಇರಬಹುದು, ಡಿವಿಟಿ (ಆಳದ ವೇಯ್ನ್‌ನಲ್ಲಿ ರಕ್ತ ಹೆಪ್ಪುಗಟ್ಟೋದು) ನೋಡೋದೇ ಹಂಗೆ.

ಅರ್ಧ_ಡೆಸಿಬೆಲ್
ಆಂಗಲ್ ಮರೀಬೇಡಿ. ಹರಿಯೋ ರಕ್ತಕ್ಕೆ ತಾಗಿ ಬಂದ ಎಕೋದ ಫ್ರೀಕ್ವೆನ್ಸಿ ಬದಲಾಗೋದೇ ಡಾಪ್ಲರ್ ಶಿಫ್ಟ್, ಅದರ ಲೆಕ್ಕದಲ್ಲಿ ಬೀಮ್‌ಗೂ ರಕ್ತದ ಹರಿವಿಗೂ ನಡುವಿನ ಆಂಗಲ್‌ನ ಕೋಸೈನ್ ಗುಣಿಸಬೇಕು, 90 ಡಿಗ್ರಿಗೆ ಅದು ಸೊನ್ನೆ, ರಕ್ತ ಹರೀತಿದ್ರೂ ಇಲ್ಲ ಅನ್ನೋ ಹಂಗೆ ಕಾಣುತ್ತೆ. ವೇಗ ಅಳೀಬೇಕಾದ್ರೆ 60 ಡಿಗ್ರಿ ಮೀರಬೇಡಿ ಅನ್ನೋದು ಯಾಕೆ ಅಂದ್ರೆ, 30 ಡಿಗ್ರೀಲಿ ಕರ್ಸರ್ 5 ಡಿಗ್ರಿ ಆಚೀಚೆ ಆದ್ರೆ ವೇಗದಲ್ಲಿ ಶೇಕಡಾ 6ರಷ್ಟು ತಪ್ಪು, 60 ಇರೋದನ್ನ 65 ಅಂತ ಹಾಕಿದ್ರೆ ಶೇಕಡಾ 18. ಕರೋಟಿಡ್ (ಕತ್ತಿನ ಆರ್ಟರಿ) ಎಷ್ಟು ಕಿರಿದಾಗಿದೆ ಅಂತ ಹೇಳೋದು ಈ ವೇಗ ನೋಡಿ, ಅಲ್ಲಿ ಇಷ್ಟು ವ್ಯತ್ಯಾಸ ಬಂದ್ರೆ ರಿಪೋರ್ಟೇ ಬೇರೆ.

ಏಲಿಯಾಸಿಂಗ್, ಅಂದ್ರೆ ಜೋರು ಹರಿವು ಉಲ್ಟಾ ಕಾಣೋದು, ಅದನ್ನೂ ಇಲ್ಲೇ ಹೇಳಿಬಿಡ್ತೀನಿ. ಮೆಷಿನ್ ಪಲ್ಸ್ ಬಿಟ್ಟು ಬಿಟ್ಟು ಕಳಿಸೋದು, ಸೆಕೆಂಡಿಗೆ ಎಷ್ಟು ಪಲ್ಸ್ ಅನ್ನೋದು ಪಿಆರ್‌ಎಫ್. ಡಾಪ್ಲರ್ ಶಿಫ್ಟು ಪಿಆರ್‌ಎಫ್‌ನ ಅರ್ಧ ಮೀರಿದ ತಕ್ಷಣ ಮೆಷಿನ್‌ಗೆ ಲೆಕ್ಕ ತಪ್ಪುತ್ತೆ, ವೇಗದ ಗ್ರಾಫ್‌ನ ತುದಿ ಕತ್ತರಿಸಿ ಕೆಳಗಿನಿಂದ ಬರುತ್ತೆ, ಕಲರ್‌ನಲ್ಲಿ ಕೆಂಪು ನಡುವೆ ನೀಲಿ. ಸ್ಕೇಲ್ (ಅಂದ್ರೆ ಪಿಆರ್‌ಎಫ್) ಏರಿಸಿ, ಬೇಸ್‌ಲೈನ್ (ಸೊನ್ನೆ ಗೆರೆ) ಇಳಿಸಿ, ಆಗಲಿಲ್ಲಾಂದ್ರೆ ಫ್ರೀಕ್ವೆನ್ಸಿ ಕಮ್ಮಿ ಮಾಡಿ.

ಅವೆನ್ಯೂ_ರೋಡ್_ಗಿರಾಕಿ
ಸರಿ, ಎಲ್ಲಾ ಚೆನ್ನಾಗಿದೆ, ಆದ್ರೆ ಕಹಿ ಮಾತೊಂದು. ನಾವು ಟೆಕ್ನಾಲಜಿಸ್ಟ್‌ಗಳು ಇಲ್ಲಿ ಅಲ್ಟ್ರಾಸೌಂಡ್ ಮಾಡೋ ಹಂಗೇ ಇಲ್ಲ, ಡಾಕ್ಟ್ರೇ ಮಾಡ್ಬೇಕು. ಇಷ್ಟು ಆಳವಾಗಿ ಓದಿ ಏನು ಸುಖ? ಅದಕ್ಕೇ ನಾನು ಬೈಹಾರ್ಟ್ ಅಂದಿದ್ದು.

ರಾಜಾಜಿನಗರ_ರೇಡಿಯೋ
ಹೇಳೋದ್ರಲ್ಲಿ ನ್ಯಾಯ ಇದೆ. ನಮ್ಮನ್ನ ಬಾಗಿಲಲ್ಲಿ ನಿಲ್ಲಿಸಿ ಲಾಗ್‌ಬುಕ್ಕಿಗೆ ಮಾತ್ರ ಸೈನ್ ಹಾಕ್ತಾರೆ.

ಕತ್ತಲೆ_ರೂಮು
ಕಾನೂನು ಸುಮ್ಮನೆ ಬಂದಿದ್ದಲ್ಲ. ಹೆಣ್ಣು ಭ್ರೂಣಹತ್ಯೆ ತಡೀಬೇಕು ಅಂತ 1994ರಲ್ಲಿ ಪಿಎನ್‌ಡಿಟಿ ಆಕ್ಟ್ ಬಂತು, 2003ರಲ್ಲಿ ತಿದ್ದುಪಡಿ ಆಗಿ ಪಿಸಿಪಿಎನ್‌ಡಿಟಿ ಆಯ್ತು. ಮೆಷಿನ್ ನೋಂದಣಿ ಆಗಿರಬೇಕು, ಗರ್ಭಿಣಿ ಸ್ಕ್ಯಾನ್ ಮಾಡಿದ್ರೆ ಫಾರ್ಮ್ ಎಫ್ (ಆ ಸ್ಕ್ಯಾನ್‌ನ ದಾಖಲೆ) ತುಂಬಬೇಕು, ಭ್ರೂಣದ ಲಿಂಗ ಹೇಳಲ್ಲ ಅನ್ನೋ ಬೋರ್ಡು ಕನ್ನಡದಲ್ಲೂ ಇರಬೇಕು. ಪ್ರೋಬ್ ಕೈಗೆ ಕೊಡೋಕೆ ನಾವು ಹಿಂದೆ ಮುಂದೆ ನೋಡೋದು ಅದಕ್ಕೇ. ಆದ್ರೆ ಬಾಗಿಲಲ್ಲಿ ನಿಲ್ಲಿಸೋದಕ್ಕೆ ಯಾವ ಕಾನೂನೂ ಹೇಳಿಲ್ಲ, ಅದು ಬರೀ ಸೋಮಾರಿತನ, ಇದನ್ನ ನಮ್ಮೋರಿಗೂ ಹೇಳ್ತೀನಿ. ಸ್ಕ್ರೀನ್ ಪಕ್ಕ ಒಂದು ಸ್ಟೂಲ್ ಹಾಕಿದ್ರೆ ಏನು ಗಂಟು ಹೋಗುತ್ತೆ?

ಹುಬ್ಬಳ್ಳಿ_ಟು_ಹೆಬ್ಬಾಳ
ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕಾದಾಗ ಸೋನೋಗ್ರಾಫರ್ ಅಂತ ಬ್ಯಾರೆ ಉದ್ಯೋಗನೇ ಅದರಿ. ನಮ್ಮಲ್ಲೂ ಹೃದಯದ ಎಕೋ ಕಾರ್ಡಿಯಾಕ್ ಟೆಕ್ನಾಲಜಿ ಓದಿದವರು ಮಾಡ್ತಾರಲ್ಲ. ಓದಿದ್ದು ಎಲ್ಲಿಗೂ ಹೋಗಂಗಿಲ್ಲ.

ಅವೆನ್ಯೂ_ರೋಡ್_ಗಿರಾಕಿ
ಹೊರದೇಶಕ್ಕೆ ಹೋಗೋರು ಎಷ್ಟು ಜನ ಗುರುವೇ. ನಾನು ಒಪ್ಪಲ್ಲ. ಆದ್ರೆ ಸ್ಟೂಲ್ ವಿಷಯ ಒಪ್ಪಿದೆ.

ಲೇಟ್_ಲತೀಫ
ನಡುವೆ ಒಂದು, ಹೊಟ್ಟೆ ಸ್ಕ್ಯಾನ್‌ಗೆ ಖಾಲಿ ಹೊಟ್ಟೆ ಅಂತಾರೆ, ಪೆಲ್ವಿಸ್‌ಗೆ ನೀರು ಕುಡೀರಿ ಅಂತಾರೆ, ಒಬ್ರಿಗೇ ಎರಡೂ ಬರೆದ್ರೆ?

ಕತ್ತಲೆ_ರೂಮು
ಎರಡೂ ಆಗುತ್ತೆ. 6ರಿಂದ 8 ಗಂಟೆ ಊಟ ಬಿಟ್ರೆ ಗಾಲ್‌ಬ್ಲಾಡರ್ ತುಂಬಿರುತ್ತೆ, ಉಂಡ್ರೆ ಅದು ಮುದುಡಿ ಗೋಡೆ ದಪ್ಪ ಕಾಣುತ್ತೆ, 3 ಮಿಲಿಮೀಟರ್ ಮೀರಿದೆ ಅಂತ ಸುಮ್ಮನೆ ಗಾಬರಿ. ಬರೀ ನೀರು ಕುಡೀಬಹುದು. ತುಂಬಿದ ಮೂತ್ರಕೋಶ ಕರುಳನ್ನ ಮೇಲಕ್ಕೆ ತಳ್ಳುತ್ತೆ, ಅದರೊಳಗಿಂದ ಗರ್ಭಕೋಶ ನೋಡೋಕೆ ಒಳ್ಳೇ ಕಿಟಕಿ ಸಿಗುತ್ತೆ. ಕಾಫಿ ಮಾತ್ರ ಬೇಡ, ಅದರಲ್ಲೂ ಹಾಲು ಹಾಕಿದ ಫಿಲ್ಟರ್ ಕಾಫಿ.

ಸಿಂಪಲ್_ಸುಬ್ಬ
"ಕಾಫಿ ಊಟ ಅಲ್ವಲ್ಲ ಡಾಕ್ಟ್ರೇ" ಅಂತ ನಮ್ಮ ದೊಡ್ಡಮ್ಮ ದಿನಾ ವಾದ ಮಾಡ್ತಾರೆ.

ಮೆಷಿನ್_ರಿಪೇರಿ_ಮಾಮ
ಬೆಂಗಳೂರಲ್ಲಿ ಕಾಫಿ ಊಟಕ್ಕಿಂತ ಮೇಲೆ, ದೊಡ್ಡಮ್ಮನ ಪಾಯಿಂಟ್ ಸರಿ.

ರಾಜಾಜಿನಗರ_ರೇಡಿಯೋ
ಪ್ರೋಬ್ ಮುಟ್ಟೋಕೆ ಬಿಡಲ್ಲ ಅನ್ನೋರಿಗೆ ಒಂದು ದಾರಿ. ನಮ್ಮ ಕಡೆ ಫ್ಯಾಂಟಮ್, ಅಂದ್ರೆ ಪೇಷಂಟ್ ಬದಲು ಸ್ಕ್ಯಾನ್ ಮಾಡಿ ಕಲಿಯೋ ಡಮ್ಮಿ, ನಾವೇ ಮಾಡ್ಕೊಂಡ್ವಿ. ಪ್ರಾವಿಷನ್ ಸ್ಟೋರಲ್ಲಿ ಚೈನಾ ಗ್ರಾಸ್ ಸಿಗುತ್ತಲ್ಲ, ಅದನ್ನ ನೀರಲ್ಲಿ ಕುದಿಸಿ, ಮೆಡಿಕಲ್ ಶಾಪಿಂದ ಇಸಬ್ಗೋಲ್ ತಂದು ಕಲಸಬೇಕು. ಬರೀ ಚೈನಾ ಗ್ರಾಸ್ ಆದ್ರೆ ಸ್ಕ್ರೀನ್‌ನಲ್ಲಿ ಕಪ್ಪಗೇ ಕಾಣುತ್ತೆ, ಇಸಬ್ಗೋಲ್ ಕಣಗಳೇ ಸೌಂಡ್ ಚದುರಿಸಿ ಲಿವರ್ ತರ ಬೂದು ಬಣ್ಣ ಕೊಡೋದು. ಅರ್ಧ ಡಬ್ಬಿಗೆ ಸುರಿದು ಸ್ವಲ್ಪ ಗಟ್ಟಿ ಆದ್ಮೇಲೆ ಗ್ಲೌಸ್‌ನ ಬೆರಳು ಕತ್ತರಿಸಿ ನೀರು ತುಂಬಿ ಗಂಟು ಹಾಕಿ ಇಡಿ, ಅದು ಸಿಸ್ಟ್. ಪಕ್ಕದಲ್ಲಿ ಒಂದು ಸಣ್ಣ ಜಲ್ಲಿಕಲ್ಲು, ಅದು ಸ್ಟೋನ್. ಉಳಿದ ಅರ್ಧ ಮೇಲೆ ಸುರೀರಿ. ಒಂದೇ ಫ್ರೇಮಲ್ಲಿ ಎನ್‌ಹಾನ್ಸ್‌ಮೆಂಟು ಶ್ಯಾಡೋ ಎರಡೂ ಪಕ್ಕಪಕ್ಕ ಕಾಣುತ್ತೆ, ಟಿಜಿಸಿ ಗುಂಡಿ ಎಳೆದು ನೋಡಿ, ಅರ್ಧ ಡೆಸಿಬೆಲ್ ಸರ್ ಹೇಳಿದ್ದು ಕಣ್ಣೆದುರು ಬರುತ್ತೆ. ಎಚ್‌ಒಡಿ ಪರ್ಮಿಷನ್ ತಗೊಂಡೇ ಮಾಡಿ, ಪ್ರೋಬ್‌ಗೆ ಪ್ಲಾಸ್ಟಿಕ್ ಕವರ್ ಹಾಕಿ.

ಮೆಷಿನ್_ರಿಪೇರಿ_ಮಾಮ
ಕವರ್ ಅಂದ್ರಲ್ಲ, ಮೆಚ್ಚಿದೆ. ಕವರ್ ಒಳಗೂ ಜೆಲ್ ಹಾಕ್ಬೇಕು, ಇಲ್ಲಾಂದ್ರೆ ಗಾಳಿ ಸಿಕ್ಕೊಂಡು ಏನೂ ಕಾಣಲ್ಲ.

ಸೆಕೆಂಡ್_ಇಯರ್_ಸಂಕಟ
ಸೂಪರ್! ನಾಳೇನೇ ಎಚ್‌ಒಡಿ ಸರ್‌ನ ಕೇಳ್ತೀನಿ. ಇನ್ನೊಂದೇ ಒಂದು, ರಿವರ್ಬರೇಶನ್, ಕಾಮೆಟ್ ಟೇಲ್, ಮಿರರ್ ಇಮೇಜ್ ಎಲ್ಲಾ ಆರ್ಟಿಫ್ಯಾಕ್ಟ್ (ಇಲ್ಲದ್ದನ್ನ ಇರೋ ಹಂಗೆ ತೋರ್ಸೋ ಇಮೇಜ್ ಮೋಸ) ಅಂತ ಒಂದೇ ಸಾಲಲ್ಲಿ ಬರೆದಿದಾರೆ, ಅವು ಬೇರೆ ಬೇರೆ ಅಲ್ವಾ?

ಕತ್ತಲೆ_ರೂಮು
ಬೇರೆನೇ, ಆದ್ರೆ ಬೇರು ಒಂದು. ಸೌಂಡ್ ನೆಟ್ಟಗೆ ಹೋಗಿ ಒಂದೇ ಸಲ ತಾಗಿ ನೆಟ್ಟಗೆ ವಾಪಸ್ ಬರುತ್ತೆ ಅಂತ ಮೆಷಿನ್ ನಂಬಿದೆ. ಎರಡು ಗಟ್ಟಿ ರಿಫ್ಲೆಕ್ಟರ್ ನಡುವೆ ಓಡಾಡ್ತಾ ಇದ್ರೆ ಪ್ರತೀ ಸಲಾನೂ ತಡವಾಗಿ ಬರುತ್ತೆ, ಸಮ ಅಂತರದಲ್ಲಿ ಗೆರೆ ಮೇಲೆ ಗೆರೆ, ಅದು ರಿವರ್ಬರೇಶನ್. ಆ ಎರಡು ರಿಫ್ಲೆಕ್ಟರ್ ತೀರಾ ಹತ್ತಿರ ಇದ್ರೆ ಗೆರೆಗಳು ಕೂಡ್ಕೊಂಡು ಚೂಪಾಗೋ ಬಾಲ ಆಗುತ್ತೆ, ಕಾಮೆಟ್ ಟೇಲ್, ಗಾಲ್‌ಬ್ಲಾಡರ್ ಗೋಡೆ ದಪ್ಪಗಾಗೋ ಅಡಿನೋಮಯೋಮಟೋಸಿಸ್‌ನಲ್ಲಿ ಹುಡುಕಿ. ಡಯಾಫ್ರಾಮ್ ಗಾಳಿ ಕಡೆಯ ನುಣುಪು ಗೋಡೆ, ಅಲ್ಲಿ ತಾಗಿ ಲಿವರ್ ಕಡೆ ತಿರುಗಿ ಮತ್ತೆ ಅದೇ ದಾರೀಲಿ ಬಂದ್ರೆ ಲಿವರ್‌ನ ಪಡಿಯಚ್ಚು ಎದೆಗೂಡಲ್ಲಿ ಕಾಣುತ್ತೆ, ಅದೇ ಮಿರರ್. ಲಿವರ್ ಒಳಗಿನ ಹೀಮ್ಯಾಂಜಿಯೋಮಾನ ಅಲ್ಲೂ ಒಂದು ಅಂತ ಎಣಿಸಿಬಿಡ್ತಾರೆ. ಸಂಶಯ ಬಂದ್ರೆ ಪ್ರೋಬ್ ಓರೆ ಮಾಡಿ ಇನ್ನೊಂದು ಕಡೆಯಿಂದ ನೋಡಿ, ಆರ್ಟಿಫ್ಯಾಕ್ಟ್ ಆದ್ರೆ ಜಾಗ ಬಿಡುತ್ತೆ ಇಲ್ಲ ಮಾಯ ಆಗುತ್ತೆ.

ಸಿಂಪಲ್_ಸುಬ್ಬ
ಮೇಡಂ ನಮ್ಮಪ್ಪಂಗೆ ಫ್ಯಾಟಿ ಲಿವರ್ ಗ್ರೇಡ್ 1 ಅಂತ ಬರೆದಿದಾರೆ, ಅದೂ ಇದೇ ಬಿಳಿ ಲೆಕ್ಕಾನಾ?

ಕತ್ತಲೆ_ರೂಮು
ಹೌದು, ಲಿವರ್ ಪಕ್ಕದ ಕಿಡ್ನಿ ಕಾರ್ಟೆಕ್ಸ್‌ಗಿಂತ ಎದ್ದು ಬೆಳ್ಳಗೆ ಕಂಡ್ರೆ ಗ್ರೇಡ್ 1, ಪೋರ್ಟಲ್ ವೇಯ್ನ್ ಗೋಡೆಗಳು ಮಸುಕಾದ್ರೆ 2, ಹಿಂದಿನ ಡಯಾಫ್ರಾಮ್ ಗೆರೆನೂ ಕಾಣದೇ ಹೋದ್ರೆ 3. ಕಣ್ಣಂದಾಜು ಇದು. ರಿಪೋರ್ಟ್ ತಗೊಂಡು ಬರೆದುಕೊಟ್ಟ ಡಾಕ್ಟ್ರ ಹತ್ರನೇ ಹೋಗಿ, ಇಲ್ಲಿ ಔಷಧಿ ಕೇಳ್ಬೇಡಿ.

ಸಿಂಪಲ್_ಸುಬ್ಬ
ಅಪ್ಪಂಗೆ ಬೋಂಡಾ ಬಿಡಿಸೋಕಾದ್ರೂ ಇದು ಸಾಕು ಮೇಡಂ.

ಲೇಟ್_ಲತೀಫ
ಈ ಚೈನಾ ಗ್ರಾಸ್ ಎಷ್ಟು ಹಾಕ್ಬೇಕು ಯಾರೂ ಹೇಳ್ಲಿಲ್ಲ, ನಮ್ಮ ರೂಮಲ್ಲಿ ಮಾಡಿದ್ದು ಪಾಯಸ ಆಗಿದೆ.

ರಾಜಾಜಿನಗರ_ರೇಡಿಯೋ
ಪೂರ್ತಿ ಕರಗೋ ತನಕ ಕುದಿಸಿದ್ರಾ? ಎಳೆ ಎಳೆ ಉಳಿದ್ರೆ ಹಂಗೇ ಆಗೋದು. ಮತ್ತೆ ಒಲೆಗಿಡಿ, ನೀರು ಸ್ವಲ್ಪ ಇಂಗಲಿ. ಇಸಬ್ಗೋಲ್ ಕೊನೇಲಿ ಹಾಕಿ, ಜೋರಾಗಿ ಕಡೆದ್ರೆ ಗುಳ್ಳೆ ಏಳುತ್ತೆ, ಮೆಲ್ಲಗೆ ತಿರುವಿ.